ಒನಕೆ ನೆಟ್ಟ ಹಂದರ

ಅಂಜಿನಕ್ಕ ಸಿಟ್ಟಿನ ಹೆಂಗಸು ಅಂತ ಊರಲ್ಲಿ ಹೆಸರು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ತಟ್ಟೆ ಬಿದ್ದರೆ ಈ ಕಡೆ ನಮಗೆ ಎಚ್ಚರ. ಇಷ್ಟು ವರ್ಷದಲ್ಲಿ ಅವಳು ಕೂಗಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಸಿಟ್ಟಾದರೆ ಏರಿದ ಮೇಲೆ ಇಳಿಯುತ್ತದೆ. ಅವಳಲ್ಲಿ ಇದ್ದದ್ದು ಇಳಿಯುವ ಜಾತಿಯದಾಗಿರಲಿಲ್ಲ.

ಹೊಸಹಳ್ಳಿಯಿಂದ ನಮ್ಮೂರಿಗೆ ಬರುವಾಗ ಎಡಕ್ಕೆ ತಂತಿಬೇಲಿ ಸಿಗುತ್ತದೆ. ಬೇಲಿಯಾಚೆ ಕಮರ ಎಂಬ ಮರದ ಅಡವಿ. ಸುತ್ತ ಎಲ್ಲಿ ನೋಡಿದರೂ ಜೋಳ, ಶೇಂಗಾ, ಕಲ್ಲುಗುಡ್ಡ. ನಡುವೆ ಅದೊಂದು ಮಾತ್ರ ಅಜ್ಜನ ಅಜ್ಜನ ಕಾಲದಿಂದ ನಿಂತಿದೆ. ಕಮರದ ಎಲೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ, ಮೇಕೆಯ ಗೊರಸಿನಂತೆ ಎರಡು ಹೋಳು. ಕಟ್ಟಿಗೆಯಂತೂ ಕಲ್ಲು, ಏಟು ಹಾಕಿದರೆ ಕೊಡಲಿಯೇ ಹಿಂದಕ್ಕೆ ಹಾರುತ್ತದೆ. ಎಂದೋ ಒಂದು ಕಾಲದಲ್ಲಿ ಸರ್ಕಾರದವರು ಈ ಅಡವಿಯನ್ನು ಒಂದು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರಂತೆ, ಓದುವ ಮಕ್ಕಳು ಬಂದು ನೋಡಿ ಕಲಿಯಲಿ ಎಂದು. ಅಂದಿನಿಂದ ಅದು ಯೂನಿವರ್ಸಿಟಿ ಅಡವಿ. ಅಲ್ಲಿ ಯಾರೂ ಏನೂ ಕಡಿಯುವಂತಿಲ್ಲ. ಮರ ತಾನಾಗಿ ಮುರಿದು ಬಿದ್ದರೂ ಎತ್ತುವಂತಿಲ್ಲ, ಬಿದ್ದಲ್ಲೇ ಮಣ್ಣಾಗಬೇಕು.

"ಉರಿಯೋ ಕಟ್ಟಿಗಿನ ಹುಳ ತಿನ್ಲಿ ಅಂತ ಬಿಡ್ತಾರಲ್ಲ, ಇದ್ಯಾವ ಓದವ್ವಾ?" ಎಂದು ಹಂಪಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಅನ್ನುತ್ತಿದ್ದಳು. ಹಂಪಕ್ಕನಿಗೆ ಮೇಕೆಗಳಿದ್ದವು. ಆ ಬೇಲಿಯನ್ನು ಅವಳಷ್ಟು ಬೈದವರು ಇನ್ನೊಬ್ಬರಿಲ್ಲ.

ಮೊದಲು ಅಡವಿ ಕಾಯುತ್ತಿದ್ದವನು ಅಂಜಿನಕ್ಕನ ಗಂಡ ಪಾಲಾಕ್ಷ. ಬಡಕಲು ಮನುಷ್ಯ, ಕೊರಳಲ್ಲಿ ಸದಾ ಒಂದು ಸೀಟಿ. ಒಂದು ಮಳೆಗಾಲ ಜ್ವರ ಬಂದು ಹೋಗಿಬಿಟ್ಟ. ದಿನಕರ್ಮ ಮುಗಿದ ಮಾರನೆಯ ಬೆಳಿಗ್ಗೆ ಅಂಜಿನಕ್ಕ ಅದೇ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಅಡವಿಯ ಗೇಟಿಗೆ ಹೋಗಿ ನಿಂತಳು. ಆಫೀಸಿನ ಗುಮಾಸ್ತ, "ಹೆಂಗಸ್ರಿಗೆ ಈ ಕೆಲಸ ಇಲ್ಲಮ್ಮ, ಇಲ್ಲಿ ಕರಡಿ ಬರ್ತಾವ," ಎಂದ.

"ಗಂಡಸ್ರನ್ನ ಕಂಡ್ರ ಕರಡಿ ಕೈ ಮುಗಿದು ಹೋಗತಾವೇನ್ರಿ?" ಎಂದಳು.

ಆ ಕೂಲಿಗೆ ಬೇರೆ ಯಾರೂ ಒಪ್ಪಿ ಬರಲಿಲ್ಲ. ಹಾಗಾಗಿ ಅವಳೇ ಉಳಿದಳು. ಬೆಳಿಗ್ಗೆ ಮಗಳು ನಾಗರತ್ನಳಿಗೆ ರೊಟ್ಟಿ ತಟ್ಟಿಟ್ಟು ಹೋದರೆ ದನ ಊರಿಗೆ ಬರುವ ಹೊತ್ತಿಗೆ ಬರುವಳು. ಬೇಲಿ ನುಸುಳಿದ ಮೇಕೆಯನ್ನೂ ಬಿಡುತ್ತಿರಲಿಲ್ಲ, ಕುಡುಗೋಲು ಹಿಡಿದು ಒಳಗೆ ಹೋದವರನ್ನೂ ಬಿಡುತ್ತಿರಲಿಲ್ಲ. ಅವರು ಕಷ್ಟ ಹೇಳಿಕೊಂಡರೆ ನಿಂತು ಕೇಳುವಳು, ಪೂರ್ತಿ ಕೇಳುವಳು, ಆಮೇಲೆ, "ಕುಡುಗೋಲು ಇಲ್ಲಿಟ್ಟು ಹೋಗು," ಎನ್ನುವಳು. ಊರವರು ಅವಳಿಗೆ ಅಡವಿ ಗೌಡ್ತಿ ಎಂದು ಹೆಸರಿಟ್ಟರು.

"ಒಂದು ಹೊರಿ ಒಣ ಕಟ್ಟಿಗಿ ಬಿಟ್ರ ನಿನ್ನ ಗಂಟೇನು ಹೋಗತೈತೆ?" ಎಂದು ನಾನೂ ಒಮ್ಮೆ ಕೇಳಿದ್ದೆ.

"ಒಬ್ಬಾಕಿಗೆ ಬಿಟ್ಟು ಇನ್ನೊಬ್ಬಾಕಿಗೆ ಇಲ್ಲ ಅಂತ ಯಾವ ಬಾಯಿಂದ ಅನ್ಲಿ? ಅಲ್ಲಿ ಕಾಯೋದು ನನ್ನ ಮಾತು. ಅದು ಹೋದ್ರ ಬೇಲಿ ಬರೀ ತಂತಿ. ಅದರ ಮ್ಯಾಲೆ ಸೀರಿ ಒಣಗಹಾಕಬಹುದು, ಅಷ್ಟ," ಎಂದು ಮೊರ ಕೊಡವುತ್ತ ಒಳಗೆ ಹೋದಳು.

ಆ ಮಾತು ಅವಳಿಗೇ ಎದುರಾದದ್ದು ಮಗಳ ಮದುವೆಯಲ್ಲಿ.

ನಮ್ಮಲ್ಲಿ ಮದುವೆ ಎಂದರೆ ಮೊದಲು ಹಂದರಗಂಬ. ಹಂದರಕ್ಕೆ ಎಷ್ಟು ಗಳ ನೆಟ್ಟರೂ ಒಂದು ಮಾತ್ರ ಹಸಿ ಕಂಬ ಇರಲೇಬೇಕು, ಅದರ ತುದಿಯ ಎಲೆ ಬಾಡಿರಬಾರದು. ಅದನ್ನು ಕಡಿದು ತರುವ ಹಕ್ಕು ಹುಡುಗಿಯ ಸೋದರಮಾವನದು. ಹೆಗಲ ಮೇಲೆ ಹೊತ್ತು, ಮುಂದೆ ಹಲಗೆ ಬಡಿಸಿಕೊಂಡು, ದಾರಿಯಲ್ಲಿ ಎಲ್ಲೂ ನೆಲಕ್ಕೆ ತಾಗಿಸದೆ ತರಬೇಕು. ಮುತ್ತೈದೆಯರು ಎದುರುಗೊಂಡು ಆರತಿ ಮಾಡಿ, ಗುಣಿಗೆ ಹಾಲು ಎರೆದು ನೆಡುತ್ತಾರೆ. ಅದು ನೆಟ್ಟ ಮೇಲೇ ಹುಡುಗಿಗೆ ಅರಿಶಿನ. ಹಿಂದಿನಿಂದಲೂ ನಮ್ಮೂರ ಹಂದರಗಂಬ ಆ ಅಡವಿಯ ಕಮರದ್ದೇ. ಬೇಲಿ ಬಂದ ಮೇಲೂ ತರುತ್ತಿದ್ದರು. ಪಾಲಾಕ್ಷ ಆ ಒಂದು ಹೊತ್ತು ಬೇರೆ ದಿಕ್ಕಿಗೆ ತಿರುಗಿ ಕೂತು ಬೀಡಿ ಸೇದುತ್ತಿದ್ದ. ಅಂಜಿನಕ್ಕ ಬಂದ ಮೇಲೆ ಅದೂ ನಿಂತಿತು. ಮದುವೆಯ ಮನೆಯವರು ಅವಳಿಗೆ ಶಾಪ ಹಾಕಿಕೊಂಡು ಹೊಲದ ಬದುವಿನ ಬೇವು ತಂದು ನೆಟ್ಟರು.

ಅಂಜಿನಕ್ಕನ ತಮ್ಮ ಹುಲುಗಣ್ಣ ಮರ ಕಡಿಯುವವನು. ಕೊಟ್ಟೂರು, ಹರಪನಹಳ್ಳಿ ಕಡೆಯಿಂದಲೂ ಅವನನ್ನು ಕರೆಯಲು ಬರುತ್ತಿದ್ದರು. ಕಮರಕ್ಕೆ ಕೊಡಲಿ ಹಾಕಬಲ್ಲ ತೋಳು ನಮ್ಮ ಕಡೆ ಅವನದೊಂದೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ನಾಗರತ್ನಳ ಮದುವೆ ಗೊತ್ತಾದಾಗ, ಅದು ತೊಂಬತ್ನಾಲ್ಕರ ಬೇಸಿಗೆ, ಅಂಜಿನಕ್ಕ ಅವನನ್ನು ಕೂರಿಸಿ ಹೇಳಿದಳು.

"ಹುಲುಗಣ್ಣ, ಬೇವಿನ ಕಂಬ ತಾ. ಅಡವಿ ಕಡೆ ಹೋಗಬ್ಯಾಡ."

"ನಮ್ಮಪ್ಪನ ಮದಿವಿಗೆ ಕಮರ, ನಿನ್ನ ಮದಿವಿಗೆ ಕಮರ. ಈ ಹುಡುಗಿ ಏನು ಪಾಪ ಮಾಡ್ಯಾಳ?"

"ಅಡವಿ ಕಾಯೋಳ ಹೊಟ್ಟ್ಯಾಗ ಹುಟ್ಟ್ಯಾಳ. ಅದ ಪಾಪ. ಬೇವು ತಾ."

ಹುಲುಗಣ್ಣ ನಕ್ಕು, "ಆತು ಬಿಡವ್ವ ಗೌಡ್ತಿ," ಎಂದು ಎದ್ದು ಹೋದ.

ಕಂಬದ ದಿನ ಬೀಗರೂ ಬಂದಿಳಿದಿದ್ದರು. ಹುಡುಗನ ಅಪ್ಪ ಬಂಗಾರಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಶೇಂಗಾ ವ್ಯಾಪಾರದವರು, ದೊಡ್ಡ ಮೀಸೆ, ದೊಡ್ಡ ದನಿ. ಹಲಗೆ ಸದ್ದು ಕೇಳಿ ಎಲ್ಲರೂ ಹಂದರದ ಬಾಯಿಗೆ ಬಂದೆವು. ಗಂಡ ಸತ್ತವಳು ಎಂದು ಅಂಜಿನಕ್ಕ ಮಾತ್ರ ಬಾಗಿಲ ಹಿಂದೆ ನಿಂತಿದ್ದಳು. ಹುಲುಗಣ್ಣ ಕಂಬ ಹೊತ್ತು ಬಂದ. ತುದಿಗೆ ಒದ್ದೆ ಸೀರೆ ಸುತ್ತಿದ್ದ, ಎಲೆ ಬಾಡದಿರಲಿ ಎಂದು ಇರಬೇಕು ಅಂದುಕೊಂಡೆವು. ಹಂಪಕ್ಕ ಆರತಿ ಎತ್ತಿ, ಕಂಬಕ್ಕೆ ಕುಂಕುಮ ಹಚ್ಚಿ, ಸೀರೆ ಬಿಚ್ಚಿದಳು. ಒಳಗೆ ಎಳೆಯ ಕೆಂಪು ಎಲೆ, ಮೇಕೆ ಗೊರಸಿನಂತೆ ಎರಡೆರಡು ಹೋಳು. ಹಂಪಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅಂಜಿನಕ್ಕ ಬಾಗಿಲು ದಾಟಿ ಹೊರಗೆ ಬಂದಳು. ಹಲಗೆಯವನು ತಾನಾಗಿ ಬಡಿಯುವುದನ್ನು ನಿಲ್ಲಿಸಿದ.

"ಎಲ್ಲೀದಿದು?"

"ಎಲೀನಾ ಹೇಳತೈತಲ್ಲಕ್ಕ," ಎಂದ ಹುಲುಗಣ್ಣ. "ನೀ ಅರಿಶಿಣ ಕುಟ್ಟಾಕ ಕುಂತಿದ್ದಿ, ನಾ ಹೋಗಿ ತಂದೆ. ನಿನ್ನ ಮಗಳ ಮದಿವಿ ಅಂತ ಅಡವಿಗೂ ಗೊತ್ತಾಗ್ಲಿ."

ಬೀಗರ ಕಡೆಯವರು ನಕ್ಕರು. ಅಂಜಿನಕ್ಕ ನಗಲಿಲ್ಲ.

"ನಾ ಬ್ಯಾಡಂದಿದ್ದೆ."

"ನೀ ಅಂದಿದ್ದು ಕಾವಲುಗಾರ್ತಿ ಆಗಿ. ನಾ ಕಡ್ದಿದ್ದು ಸ್ವಾದರಮಾವ ಆಗಿ. ಸರಿ, ಹಾಲು ಹಾಕ್ರವ್ವಾ ಗುಣಿಗೆ!"

"ಇದು ಗುಣಿಗೆ ಇಳಿಯಂಗಿಲ್ಲ," ಎಂದು ಅವಳು ಗುಣಿಯ ಮೇಲೇ ಕಾಲಿಟ್ಟು ನಿಂತಳು.

ಗದ್ದಲವೇ ಗದ್ದಲ. ಬಂದ ಕಂಬ ತಿರುಗಿ ಹೋದರೆ ಹುಡುಗಿಗೆ ಕೆಡುಕು ಎಂದು ಹಂಪಕ್ಕ ಅಳು ತೆಗೆದಳು. ಹೇಗೂ ಕಡಿದಾಗಿದೆ, ಮರಕ್ಕೆ ಮತ್ತೆ ಹಚ್ಚಲಾದೀತೇ ಎಂದರು ಕೆಲವರು. ಆ ಮಾತು ನನಗೂ ಸರಿ ಅನಿಸಿತ್ತು. ಬಂಗಾರಪ್ಪ ಶಲ್ಯ ಕೊಡವಿ ಎದ್ದು ನಿಂತರು.

"ನೋಡ್ರಿ ಬೀಗ್ತಿ, ನಿಮ್ಮ ನೌಕರಿ ನಿಮಗಿರ್ಲಿ. ಕಂಬ ಇಲ್ಲದ ಹಂದರದಾಗ ನಮ್ಮ ಹುಡುಗ ಕುಂದ್ರಂಗಿಲ್ಲ."

ಅಂಜಿನಕ್ಕ ಅವರ ಮುಖ ನೋಡಿದಳು. ಒಳಗೆ ಹೋದಳು. ಮುಗಿಯಿತು, ಅತ್ತು ಬಿದ್ದುಕೊಂಡಳು ಅಂದುಕೊಂಡೆ. ಹೊರಗೆ ಬಂದಾಗ ಅವಳ ಹೆಗಲ ಮೇಲೆ ಒನಕೆ ಇತ್ತು. ನಾವೆಲ್ಲ ನೆಲ್ಲು ನವಣೆ ಕುಟ್ಟಿದ ಹಳೇ ಒನಕೆ, ಕೈ ಹಿಡಿದ ಕಡೆ ಸವೆದು ಕನ್ನಡಿಯಾಗಿತ್ತು.

"ಇದೂ ಕಮರದ್ದ. ನಮ್ಮವ್ವ ತವರಿಂದ ತಂದಿದ್ದು. ಕಡಿದೋರು ಬೇಲಿ ಬರೋಕೂ ಮೊದಲ ಸತ್ತಾರ, ಅವರನ್ನ ಹಿಡಿಯಾಕ ಬರಂಗಿಲ್ಲ. ಇದನ್ನ ನೆಡ್ರಿ."

"ಒನಕಿ ನೆಟ್ಟು ಮದಿವಿ ಯಾರು ಮಾಡ್ಯಾರ!" ಎಂದರು ಬಂಗಾರಪ್ಪ.

ಅಷ್ಟರಲ್ಲಿ ನಾಗರತ್ನ ಹೊಸ್ತಿಲಿಗೆ ಬಂದಳು. ಮದುವಣಗಿತ್ತಿ ಮಾತಾಡಬಾರದು ಎಂದು ಯಾರೋ ಹಿಂದಕ್ಕೆಳೆದರು. ಕೊಸರಿಕೊಂಡಳು.

"ಮಾವಾರ, ನಿಮ್ಮ ಮನೀಗೆ ಬಂದ ಮ್ಯಾಲೆ ಜೀವ ಇರೋತನ ನಾ ಹಿಡಿಯೋದು ಒನಕೀನ ಅಲ್ರಿ. ಕಂಬ ಹದಿನಾರು ದಿನಕ್ಕ ಕಿತ್ತು ಒಗೀತೀರಿ."

ಬಂಗಾರಪ್ಪ ಹುಡುಗಿಯನ್ನೊಮ್ಮೆ, ಒನಕೆಯನ್ನೊಮ್ಮೆ ನೋಡಿದರು. ಆಮೇಲೆ ಮೀಸೆಯ ಕೆಳಗೆ ನಗು ಬಂತು. "ತಾಯಿಗೆ ತಕ್ಕ ಮಗಳು. ನಮ್ಮ ಮನ್ಯಾಗ ಇನ್ನ ಯಾರ ಮಾತೂ ನಡೆಯಂಗಿಲ್ಲ ಬಿಡ್ರಿ. ನೆಡ್ರೋ!"

ಒನಕೆಗೆ ಅರಿಶಿನ ಹಚ್ಚಿ, ಬೇವಿನ ಸೊಪ್ಪು ಕಟ್ಟಿ, ಹಾಲೆರೆದು ನೆಟ್ಟೆವು. ಹುಲುಗಣ್ಣ ಸೋದರಮಾವನ ಕೆಲಸಗಳನ್ನೆಲ್ಲ ಮಾಡಿದ, ಆದರೆ ಅಕ್ಕನ ಕಡೆ ಒಮ್ಮೆಯೂ ಮುಖ ಎತ್ತಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಬೇರೆ ಮಾತು. ಮಗಳನ್ನು ಗಂಡನ ಮನೆಗೆ ಕಳಿಸಿದ ಮಾರನೆಯ ದಿನ ಅಂಜಿನಕ್ಕ ತಮ್ಮನ ಬಾಗಿಲಿಗೆ ಹೋದಳು.

"ಕಂಬ ತಗೊಂಡು ಆಫೀಸಿಗೆ ನಡಿ."

ಹುಲುಗಣ್ಣನ ಕಣ್ಣು ಕೆಂಪಾದವು. "ಬರ್ತೀನಿ ನಡಿ. ಊರು ನೋಡ್ಲಿ, ಒಡಹುಟ್ಟಿದಾಕಿ ಏನು ಮಾಡಿದ್ಲು ಅಂತ." ಮದುವೆಯಲ್ಲಿ ಉಡಿಸಿದ ಹೊಸ ಪಂಚೆಯಲ್ಲೇ ಆ ಕಂಬವನ್ನು ಹೊತ್ತು ನಡುಬೀದಿಯಲ್ಲಿ ನಡೆದ. ಗುಮಾಸ್ತ ಅವನ ಕೊಡಲಿ ಕಸಿದುಕೊಂಡು, ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಆಫೀಸಿನ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದ. ಹೋಗಿ ಬರುವವರೆಲ್ಲ ನೋಡಿದರು. ಕಂಬವನ್ನು ಶೆಡ್ಡಿನೊಳಗೆ ಒಗೆದರು. ಅಂದಿನಿಂದ ಹುಲುಗಣ್ಣ ಅಕ್ಕನ ಜೊತೆ ಮಾತು ಬಿಟ್ಟ.

ನಮ್ಮಲ್ಲಿ ಮಾತು ಬಿಟ್ಟವರೂ ಒಂದೇ ಊರಲ್ಲಿ ಬಾಳಬೇಕಲ್ಲ. ಹೇಳಲೇಬೇಕಾದ್ದು ಇದ್ದರೆ ಎದುರಿಗೆ ನಿಂತು ಗೋಡೆಗೋ ನಾಯಿಗೋ ಹೇಳುತ್ತಾರೆ. "ಲೇ ನಾಯಿ, ನಿಮ್ಮ ಮನಿ ಎಮ್ಮಿ ನಮ್ಮ ಹೊಲದಾಗ ಐತಿ ನೋಡಲೇ," ಎಂದು ಹುಲುಗಣ್ಣ ಬೀದಿಯಲ್ಲಿ ನಿಂತು ಕೂಗಿದರೆ ಒಳಗಿಂದ ಅಂಜಿನಕ್ಕ, "ಕಟ್ಟಿ ಹಾಕಿರು ಅನ್ನಲೇ ನಾಯಿ, ಬರ್ತಾಳ ಅನ್ನು," ಎನ್ನುವಳು. ಪಾಪ, ನಾಯಿ ಇಬ್ಬರಿಗೂ ಬಾಲ ಅಲ್ಲಾಡಿಸುತ್ತಿತ್ತು.

ಹೀಗೆ ಐದಾರು ವರ್ಷ ಹೋದವು. ಆಫೀಸಿಗೆ ಸೋಮಶೇಖರ್ ಎಂಬ ಹೊಸ ಸಾಹೇಬರು ಬಂದರು. ಕೆಟ್ಟ ಮನುಷ್ಯ ಎನ್ನಲಾರೆ, ನಗುನಗುತ್ತ ಮಾತಾಡುತ್ತಿದ್ದರು. ದೊಡ್ಡವರು ಬಂದರೆ ಇಳಿದುಕೊಳ್ಳಲು ಗೇಟಿನ ಪಕ್ಕ ಒಂದು ಅತಿಥಿಗೃಹ ಕಟ್ಟಿಸುತ್ತಿದ್ದರು. ಅದರ ಬಾಗಿಲು, ತೊಲೆ, ಪಡಸಾಲೆಯ ಕಂಬ ಎಲ್ಲ ಕಮರದ್ದೇ ಆಗಬೇಕು ಎಂದು ಅವರಿಗೆ ಆಸೆ. ಅಡವಿಯ ನಡುವೆ ಅಜ್ಜಮರ ಎಂಬುದೊಂದಿದೆ, ಎಲ್ಲಕ್ಕಿಂತ ಹಳೆಯದು. ನಾಲ್ಕು ಜನ ಕೈಕೈ ಹಿಡಿದರೂ ಅದರ ಸುತ್ತಳತೆ ಸಿಗುವುದಿಲ್ಲ. ಸಾಹೇಬರ ಕಣ್ಣು ಅದರ ಮೇಲೆ ಬಿತ್ತು.

"ನೋಡಿ ಅಂಜಿನಮ್ಮ, ಅದಕ್ಕೂ ವಯಸ್ಸಾಯ್ತು. ಇವತ್ತಲ್ಲ ನಾಳೆ ಬೀಳೋದೇ," ಎಂದರು.

"ನನಗೂ ವಯಸ್ಸಾತ್ರಿ. ನನ್ನನ್ನೂ ಕಡಿಸ್ತೀರೇನು?"

"ಯೂನಿವರ್ಸಿಟಿ ಮರ, ಯೂನಿವರ್ಸಿಟಿ ಮನೆಗೆ ಹೋಗುತ್ತೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು?"

ಸಂಜೆ ಅಂಜಿನಕ್ಕ ನಮ್ಮ ಕಟ್ಟೆಗೆ ಬಂದು ಕೂತು, "ಅವರು ಕಡೀತಾರ. ಕಡಿಸಿಬಿಟ್ರ ನಾ ನನ್ನ ಮಗಳಿಗೆ ಏನಂತ ಮುಖ ತೋರಿಸ್ಲಿ?" ಎಂದಳು. ನಾಗರತ್ನಳನ್ನು ಗಂಡನ ಊರಲ್ಲಿ ಇನ್ನೂ ಒನಕೆ ಮದುವೆಯವಳು ಎಂದೇ ಕರೆಯುತ್ತಿದ್ದರು. ಅದು ನಮಗೆಲ್ಲ ಗೊತ್ತಿತ್ತು.

ಮರ ಕಡಿಯಲು ಸಾಹೇಬರು ಹೇಳಿಕಳಿಸಿದ್ದು ಯಾರಿಗೆ? ಹುಲುಗಣ್ಣನಿಗೇ. ಅಜ್ಜಮರಕ್ಕೆ ಕೈ ಹಚ್ಚುವ ಎದೆ ಬೇರೆ ಯಾರಿಗಿತ್ತು?

ಆ ಬೆಳಿಗ್ಗೆ ಊರಿನ ಅರ್ಧ ಜನ ಬೇಲಿಯ ಹತ್ತಿರ ನಿಂತಿದ್ದೆವು. ಗೇಟು ತೆರೆದೇ ಇತ್ತು, ಒಳಗೂ ಹೋದೆವು. ಅಂಜಿನಕ್ಕ ಆಗಲೇ ಅಜ್ಜಮರದ ಬುಡದಲ್ಲಿ ಬೇರಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅಡ್ಡಲಾಗಿ ಒಂದು ಒಣಗಂಬ. ಶೆಡ್ಡಿನಿಂದ ತಂದಿದ್ದಳು. ಎಲೆ ಉದುರಿ ಎಷ್ಟೋ ಕಾಲವಾಗಿತ್ತು, ಆದರೆ ಹಂಪಕ್ಕ ಹಚ್ಚಿದ ಕುಂಕುಮ ತೊಗಟೆಯ ಬಿರುಕಿನಲ್ಲಿ ಇನ್ನೂ ಕಾಣುತ್ತಿತ್ತು. ಹುಲುಗಣ್ಣ ತನ್ನ ಆಳುಗಳೊಂದಿಗೆ ಕೊಡಲಿ, ಗರಗಸ ಹೊತ್ತು ಬಂದ. ಹಿಂದೆ ಸಾಹೇಬರು ಜೀಪಿನಿಂದ ಇಳಿದರು.

"ಏನಮ್ಮ ಇದು? ಏಳಿ ಮೇಲೆ."

"ಏಳ್ತೀನ್ರಿ. ಮೊದಲು ಈ ಕಂಬ ತಗೊಂಡು ಹೋಗಿ ಬಂಗಾರಪ್ಪನ ಮನಿ ಮುಂದ ನೆಟ್ಟು ಬರ್ರಿ. ನನ್ನ ಮಗಳು ಅಲ್ಲಿ ಅದಾಳ. ತೋಳುದಪ್ಪ ಐತಿ ನೋಡ್ರಿ ಇದು. ಇದನ್ನ ಆಕಿ ಹಂದರದಾಗ ನೆಡಾಕ ನಾ ಬಿಡ್ಲಿಲ್ಲ. ಯಾಕಂದ್ರ ಇಲ್ಲಿ ಯಾರೂ ಕಡಿಯಂಗಿಲ್ಲ ಅಂದಿದ್ರಿ. ಬಡವರು ಕಡಿಯಂಗಿಲ್ಲ ಅಂತ ಆಗಲೇ ಅಂದಿದ್ರ ನಾ ಈ ಸೀಟಿ ಹಾಕ್ಕೊಂತಿದ್ದಿಲ್ಲ."

"ಅದು ಕಾನೂನು, ಇದು ಇಲಾಖೆ ಕೆಲಸ. ಎರಡೂ ಬೇರೆ," ಎಂದ ಸಾಹೇಬರ ಮುಖದಲ್ಲಿ ನಗು ಇರಲಿಲ್ಲ. "ಹುಲುಗಣ್ಣ, ಇವರನ್ನ ಎಬ್ಬಿಸಿ ಕೆಲಸ ಶುರು ಮಾಡಪ್ಪ."

ಹುಲುಗಣ್ಣ ಮುಂದೆ ಬಂದ. ಅಕ್ಕನನ್ನು ನೋಡಲಿಲ್ಲ, ಆ ಕಂಬವನ್ನು ನೋಡಿದ. ತಾನೇ ಹೊತ್ತ ಕಂಬ. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಅವನಿಗೆ ಸಿಗುತ್ತಿರಲಿಲ್ಲ.

"ಸಾಹೇಬ್ರ," ಎಂದ, "ಒಂದು ಮಾತು. ಇದನ್ನ ಕಡಿದ್ರ ನನ್ನನ್ನ ಎಲ್ಲಿ ಕುಂದ್ರಿಸ್ತೀರಿ?"

"ಅಂದರೆ?"

"ಆ ತೋಳುದಪ್ಪ ಕಂಬಕ್ಕ ನಿಮ್ಮ ಆಫೀಸಿನ ಮುಂದ ಹೊತ್ತು ಮುಳುಗೋತನ ಕುಕ್ಕರಗಾಲಾಗ ಕುಂತೀನಿ, ಹೊಸಾ ಪಂಚಿ ಉಟ್ಕೊಂಡು. ಈ ಅಜ್ಜಮರಕ್ಕ ಆ ಲೆಕ್ಕ ಹಿಡಿದ್ರ ನಾನು, ನೀವು, ನಮ್ಮ ಮೊಮ್ಮಕ್ಕಳು ಎಲ್ಲಾ ಸಾಲಾಗಿ ಕುಂದ್ರಬೇಕಾಗತೈತಿ."

ಜನ ಗೊಳ್ಳೆಂದರು. ಸಾಹೇಬರು, "ಹೇ, ನಿನಗೆ ಏನೂ ಆಗಲ್ಲ. ನಾನೇ ಹೇಳ್ತಿದೀನಲ್ಲ, ಇದು ಸರಿ ಅಂತ," ಎಂದರು.

"ಅದಾ ನೋಡ್ರಿ ನನ್ನ ತಕರಾರು." ಹುಲುಗಣ್ಣನ ದನಿ ಏರಿತು. "ಇದು ಸರಿ ಅಂದ್ರ ಅವತ್ತು ನನ್ನ ಕುಂದ್ರಿಸಿದ್ದು ಸರಿ ಅಲ್ಲ. ಅದು ಸರಿ ಅಲ್ಲ ಅಂದ್ರ ನಾ ಸುಮ್ ಸುಮ್ನ ಮಾನ ಕಳ್ಕೊಂಡಂಗಾತು, ಸುಮ್ ಸುಮ್ನ ಒಡಹುಟ್ಟಿದಾಕಿ ಮಾತು ಬಿಟ್ಟಂಗಾತು. ಹೋದ ಮಾನ ಹೋಗೈತಿ, ಅದನ್ನ ಸುಳ್ಳು ಮಾಡಾಕ ಬಿಡಂಗಿಲ್ಲ. ಉಚ್ಚಂಗೆಮ್ಮನಾಣಿ, ಇದಕ್ಕ ನನ್ನ ಕೊಡಲಿ ತಾಗಂಗಿಲ್ಲ. ನಡೀರ್ಲೇ!"

ಆಳುಗಳು ಗರಗಸ ಎತ್ತಿಕೊಂಡರು. ಹೋಗುವ ಮುನ್ನ ಹುಲುಗಣ್ಣ ಅಜ್ಜಮರದ ಕಡೆ ತಿರುಗಿ, "ಲೇ ಮರ, ಇದು ಯಾರ ಸಲುವಾಗೂ ಮಾಡಿದ್ದಲ್ಲ ಅಂತ ಹೇಳಲೇ ಅವರಿಗೆ," ಎಂದ.

"ಗೊತ್ತೈತಿ ಅನ್ನಲೇ ಮರ," ಎಂದಳು ಅಂಜಿನಕ್ಕ, ಕೂತಲ್ಲಿಂದ ಏಳದೆ.

ಹುಲುಗಣ್ಣನೇ ಬೇಡವೆಂದ ಮರಕ್ಕೆ ಆಮೇಲೆ ಯಾರೂ ಬರಲಿಲ್ಲ. ಅತಿಥಿಗೃಹಕ್ಕೆ ಸಿಮೆಂಟಿನ ಕಂಬ ಬಂದವು. ಸಾಹೇಬರು ಅಂಜಿನಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಅವಳು ನಾಳೆಯೂ ಹೋದಳು, ನಾಡಿದ್ದೂ ಹೋದಳು.

"ಕೂಲಿ ನಿಲ್ಲಿಸಬಹುದ್ರಿ ಅವರು. ನನ್ನ ಕಾಲು ಹೆಂಗ ನಿಲ್ಲಿಸ್ತಾರ?" ಎಂದು ಕೇಳಿದವರಿಗೆಲ್ಲ ಹೇಳಿದಳು. ಗೇಟಿನ ಒಳಗೆ ಬಿಡದಿದ್ದರೆ ಹೊರಗೆ ಕೂರುವಳು. ಬೇಲಿಗೆ ಹೊರಗೊಂದು ಸುತ್ತು ಹಾಕುವಳು. ಹೊಟ್ಟೆಗೆ ಬೇಕಲ್ಲ, ಅಡವಿ ಸುತ್ತಿ ಬಂದ ಮೇಲೆ ಶೇಂಗಾ ಬಿಡಿಸಲು ಹೋಗುವಳು. ಎರಡು ಸುಗ್ಗಿ ಹೀಗೇ ನಡೆಯಿತು. ಕೊನೆಗೆ ಸೋಮಶೇಖರ್ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದ ದಿನ ಗೇಟಿನಲ್ಲಿ ಸೀಟಿ ಹಾಕಿಕೊಂಡು ಕೂತವಳನ್ನು ಕಂಡು, "ನೀವೇ ವಾಚರ್ರಾ?" ಎಂದರು. "ಹೂನ್ರಿ," ಎಂದಳು. ಅವರು ಮುಂದೆ ಕೇಳಲಿಲ್ಲ, ಇವಳು ಹೇಳಲಿಲ್ಲ. ಕೂಲಿ ಮತ್ತೆ ಶುರುವಾಯಿತು.

ಅಷ್ಟರಲ್ಲಿ ಊರಲ್ಲಿ ಒಂದು ಬದಲಾವಣೆ ಆಗಿತ್ತು. ಯಾರದೋ ಮನೆಯಲ್ಲಿ ಹುಡುಗಿಯ ಅಜ್ಜಿ, ಕಂಬ ಎಂದರೆ ಕಮರದ್ದೇ ಬೇಕು ಎಂದು ಹಟ ಹಿಡಿದು, ಕೊನೆಗೆ ಅಂಜಿನಕ್ಕನ ಒನಕೆಯನ್ನು ಕೇಳಿ ಒಯ್ದಳು. ಆಮೇಲೆ ಇನ್ನೊಬ್ಬರು ಒಯ್ದರು. ಹಳೇ ದಾರಿ ಬಿಡಬಾರದು ಎಂದು ಒನಕೆಯನ್ನು ಮೊದಲು ಅಡವಿಯ ಗೇಟಿನ ತನಕ ಒಯ್ದು, ಅಲ್ಲಿಂದ ಹಲಗೆ ಬಡಿಸಿಕೊಂಡು ಹೊತ್ತು ತರುವುದು ರೂಢಿಯಾಯಿತು.

ಮೊನ್ನೆ ಮೊನ್ನೆ, ಎರಡು ಸಾವಿರದ ನಾಲ್ಕರಲ್ಲಿ, ಹುಲುಗಣ್ಣನ ಮಗಳ ಮದುವೆ ಬಂತು. ಒಂದು ಬೆಳಿಗ್ಗೆ ಅವನು ಅಂಜಿನಕ್ಕನ ಬಾಗಿಲಲ್ಲಿ ನಿಂತು ನಾಯಿಯನ್ನು ಹುಡುಕಿದ. ಹಳೇ ನಾಯಿ ಸತ್ತಿತ್ತು. ಬೇರೇನೂ ಸಿಗದೆ ಬಾಗಿಲ ಚೌಕಟ್ಟಿಗೆ ಹೇಳಿದ, "ಈ ಮನ್ಯಾಗ ಒಂದು ಒನಕಿ ಐತಂತ."

"ಐತಿ ಅನ್ನು," ಎಂದಳು ಒಳಗಿಂದ. "ಅಡವಿ ಕಂಬ ಸಿಗಲಿಲ್ಲೇನು ಅಂತ ಕೇಳು."

ಹುಲುಗಣ್ಣ ಉಗುರಿನಿಂದ ಚೌಕಟ್ಟಿನ ಬಣ್ಣ ಕೆರೆಯತೊಡಗಿದ.

"ಒನಕಿ ಕೊಡಂಗಿಲ್ಲ. ನಾನಾ ಹೊತ್ಕೊಂಡು ಬರ್ತೀನಿ ಅನ್ನು," ಎಂದಳು ಒಳಗಿಂದಲೇ.

ಕಂಬದ ದಿನ ಗೇಟಿನ ಮುಂದೆ ಎಲ್ಲರೂ ಸೇರಿದಾಗ ಹಂಪಕ್ಕ ನನ್ನ ಕಿವಿಯಲ್ಲಿ, "ಸ್ವಾದರಮಾವನ ಹಕ್ಕದು, ಗಂಡ ಇಲ್ಲದಾಕಿ ಹೊರಬಹುದೇನು?" ಎಂದಳು. ಹುಲುಗಣ್ಣನಿಗೆ ಕೇಳಿಸಿತು. ಹಲಗೆಯವನಿಗೆ, "ಒನಕಿ ಯಾರದೋ ಅವರಾ ಹೊರ್ಲಿ. ನೀ ಬಡಿಯೋ," ಎಂದ. ಅಂಜಿನಕ್ಕ ಒನಕೆಯನ್ನು ಹೆಗಲಿಗೇರಿಸಿಕೊಂಡಳು. ಹಲಗೆ ಶುರುವಾಯಿತು. ಮೆರವಣಿಗೆ ಹೊರಡಬೇಕು, ಅಷ್ಟರಲ್ಲಿ ಬೇಲಿಯ ಒಳಗೆ ಏನೋ ಅಲ್ಲಾಡಿತು. ಎರಡು ಮೇಕೆ, ಮುಂಗಾಲೆತ್ತಿ ಎಳೆ ಕಮರಕ್ಕೆ ಬಾಯಿ ಹಾಕಿದ್ದವು.

"ನನ್ನವಲ್ಲ," ಎಂದಳು ಹಂಪಕ್ಕ, ಯಾರೂ ಕೇಳುವ ಮೊದಲೇ.

ಅಂಜಿನಕ್ಕ ಹಿಂದೆ ಮುಂದೆ ನೋಡಲಿಲ್ಲ. ಒನಕೆಯನ್ನು ತಮ್ಮನ ಹೆಗಲಿಗೆ ದಾಟಿಸಿ, "ಹಿಡಿ, ನೆಲಕ್ಕ ಮುಟ್ಟಿಸಬ್ಯಾಡ," ಎಂದು ಸೀಟಿ ಊದುತ್ತ ಗೇಟಿನೊಳಗೆ ಓಡಿದಳು. ಹಲಗೆ ನಿಂತಿತು. ಆರತಿ ತಟ್ಟೆ ಹಿಡಿದ ಹೆಂಗಸರು ನಿಂತರು. ಹುಲುಗಣ್ಣ ಒನಕೆ ಹೊತ್ತು ನಿಂತೇ ನಿಂತ. ಕೆಳಗೆ ಇಡುವಂತಿಲ್ಲ, ಮುಂದೆ ಹೋಗುವಂತಿಲ್ಲ. ಒಳಗೆ ಸೀಟಿ ದೂರ ದೂರ ಹೋಗುತ್ತಿತ್ತು. ಕೊನೆಗೆ ಅವನು ನಾಯಿಯನ್ನೂ ಹುಡುಕಲಿಲ್ಲ, ಮರವನ್ನೂ ಕರೆಯಲಿಲ್ಲ.

"ಅಕ್ಕಾ, ಲಗೂ ಬಾರ! ಮುಹೂರ್ತ ಮೀರತೈತಿ!"

ಮರಗಳ ಒಳಗಿಂದ ಅವಳ ದನಿ ಬಂತು.

"ಮುಹೂರ್ತಕ್ಕ ಕಾಯಾಕ ಹೇಳೋ! ಮ್ಯಾಕಿ ಕಾಯಂಗಿಲ್ಲ!"